ಅಪ್‌ಡೇಟ್: ಅಮ್ಮನ ಅನ್ನನಾಳದ ಗಡ್ಡೆ ತೆಗೆದರು

ಸೋಮವಾರಪೇಟೆಯಲ್ಲಿರುವ ನಮ್ಮಮ್ಮನಿಗೆ ಅಕ್ಕಿ ರೊಟ್ಟಿ ಎದೆಯಲ್ಲೇ ಸಿಕ್ಕಿಕೊಳ್ಳುತ್ತೆ, ಎದೆ ಕೊಯ್ಯದೆ ಗಡ್ಡೆ ತೆಗೆಯಬಹುದಾ ಅಂತ ಕೇಳಿದ್ದೆ. ಆಗುತ್ತೆ! ಧೈರ್ಯ ತುಂಬಿದ ಎಲ್ಲರಿಗೂ ಥ್ಯಾಂಕ್ಸ್.

ಮೈಸೂರಿನಲ್ಲಿ ಎಂಡೋಸ್ಕೋಪಿಯಲ್ಲೇ ಅಲ್ಟ್ರಾಸೌಂಡ್ ಮಾಡಿದರು. ಅನ್ನನಾಳದ ಸ್ನಾಯು ಪದರದಲ್ಲಿ ಸುಮಾರು 3 ಸೆಂ.ಮೀ. ಗಡ್ಡೆ. ನೋಡಿದರೆ ಲಿಯೋಮಯೋಮಾ (ಸ್ನಾಯುವಿನಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಥರ ಇದೆ ಅಂದರು. ಮೊದಲೇ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷೆ) ಬೇಡ ಅಂದಾಗ ನನಗೆ ಗಾಬರಿ. ಚುಚ್ಚಿದ ಜಾಗದಲ್ಲಿ ಒಳಪದರ ಗಡ್ಡೆಗೆ ಅಂಟಿಕೊಂಡರೆ ಆಮೇಲೆ ಬಿಡಿಸೋದು ಕಷ್ಟವಂತೆ.

ಅನಸ್ತೇಸಿಯಾ ಕೊಟ್ಟು, ಬಾಯಿಂದ ಎಂಡೋಸ್ಕೋಪ್ ಇಳಿಸಿದರು. ಗಡ್ಡೆಗಿಂತ ಸ್ವಲ್ಪ ಮೇಲೆ ಒಳಪದರದಲ್ಲಿ ಸಣ್ಣ ಸೀಳು. ಅಲ್ಲಿಂದ ಪದರದ ಅಡಿಯಲ್ಲೇ ಸುರಂಗ ಕೊರೆದು, ಗಡ್ಡೆಯನ್ನು ಸ್ನಾಯುವಿನಿಂದ ಬಿಡಿಸಿ, ಬಾಯಿಂದಲೇ ಹೊರತೆಗೆದರು. ಸೀಳಿಗೆ ಕ್ಲಿಪ್ ಹಾಕಿದ್ದಾರೆ, ಅವು ತಾವಾಗೇ ಉದುರುತ್ತವೆ. ಗಡ್ಡೆಯ ನೇರ ಮೇಲಿನ ಪದರ ಹಾಗೇ ಉಳಿಯೋದರಿಂದ ಸೋರುವ ಭಯ ಕಡಿಮೆ. ಎಷ್ಟು ಜಾಣತನದ ಕೆಲಸ ಅಲ್ವಾ? ಗಡ್ಡೆ ತುಂಬಾ ದೊಡ್ಡದಿದ್ದರೆ ಮಾತ್ರ ಈ ದಾರಿಯಲ್ಲಿ ಹೊರತೆಗೆಯೋದು ಕಷ್ಟ.

ಲ್ಯಾಬ್ ರಿಪೋರ್ಟ್ ಬಂತು: ಲಿಯೋಮಯೋಮಾನೇ, ಕ್ಯಾನ್ಸರ್ ಅಲ್ಲ. ಸದ್ಯಕ್ಕೆ ಗಂಜಿ, ಮೆತ್ತಗಿನ ಅನ್ನ. ನುಂಗೋದು ಸರಾಗವಾಗಿದೆ. ಮಡಿಕೇರಿ, ವಿರಾಜಪೇಟೆ ಕಡೆ ಯಾರಿಗಾದರೂ ಹೀಗೆ ಊಟ ಸಿಕ್ಕಿಕೊಳ್ಳುತ್ತಿದ್ದರೆ ಸುಮ್ನೆ ಗ್ಯಾಸ್ ಮಾತ್ರೆ ನುಂಗುತ್ತಾ ಕೂರಬೇಡಿ, ಎಂಡೋಸ್ಕೋಪಿ ಮಾಡಿಸಿ.