ಅಪ್ಪನ ಹಳೇ ಟ್ರಸ್ಟ್ ಡೀಡ್ ತಿದ್ದುಪಡಿ ಮಾಡ್ಸಿದೋರು ಇದ್ರೆ ಅನುಭವ ಹೇಳಿ

ಕುವೆಂಪುನಗರದವ:
ಎಲ್ರಿಗೂ ನಮಸ್ಕಾರ. ಅಪ್ಪಂಗೆ 76. ಮೈಸೂರಲ್ಲಿ ಮನೆ, ಪಾಂಡವಪುರದ ಹತ್ರ ಎರಡೂವರೆ ಎಕರೆ ಗದ್ದೆ. ನಾನು, ಅಕ್ಕ, ತಮ್ಮ. ತಮ್ಮ ಹುಟ್ಟಿನಿಂದ ಸ್ಪೆಷಲ್ ಚೈಲ್ಡ್, ಈಗ 38. ಅವ್ನಿಗೋಸ್ಕರ ಅಪ್ಪ 2009ರಲ್ಲಿ ಮನೆನ ಫ್ಯಾಮಿಲಿ ಟ್ರಸ್ಟಿಗೆ ಬರ್ದಿದ್ರು. ಇಬ್ರು ಟ್ರಸ್ಟಿಗಳಲ್ಲಿ ದೊಡ್ಡಪ್ಪ ಹೋದ್ರು, ಇನ್ನೊಬ್ರು ಹಾಸಿಗೆ ಹಿಡಿದಿದಾರೆ. ಮುಂದೆ ಯಾರು ಅಂತ ಡೀಡಲ್ಲಿ ಇಲ್ಲ. ಏನ್ ಮಾಡ್ಬೇಕು?

ಕಬ್ಬಿನ ಗದ್ದೆ ಮಂಡ್ಯ:
ಅಣ್ಣ ಏನ್ ಬರ್ಸುದ್ರೂ ಪೌತಿ ಖಾತೆಗೆ (ತೀರ್ಕೊಂಡೋರ ಜಮೀನು ವಾರಸುದಾರರ ಹೆಸ್ರಿಗೆ ಮಾಡ್ಸೋಕೆ) ಹೋದಾಗ್ಲೇ ಬಣ್ಣ ಗೊತ್ತಾಗೋದು. ನಮ್ಮಪ್ಪ ಬಿಳಿ ಹಾಳೆ ಮೇಲೆ ವಿಲ್ ಬರ್ದು 2017ರಲ್ಲಿ ತೀರ್ಕೊಂಡ್ರು, ರಿಜಿಸ್ಟರ್ ಆಗ್ಲೇಬೇಕು ಅಂತ ಕಾನೂನಿಲ್ಲ ಒಪ್ತೀನಿ, ಆದ್ರೆ ಇಬ್ರು ಸಾಕ್ಷೀಲಿ ಒಬ್ರು ಅಪ್ಪಂಗಿಂತ ಮುಂಚೆನೇ ಹೋಗಿದ್ರು, ಇನ್ನೊಬ್ಬ ನಮ್ಮ ಗದ್ದೆ ಬದಿಯೋನು, ನಾನು ಸೈನೇ ಹಾಕಿಲ್ಲ ಅಂದ್ಬುಟ್ಟ. ತಂಗಿ ತಕರಾರು ಅರ್ಜಿ ಹಾಕುದ್ಲು. ವಂಶವೃಕ್ಷಕ್ಕೆ ನಾಡಕಚೇರಿಗೆ ಏಳು ಸಲ, ಪಹಣೀಲಿ ಅಪ್ಪನ ಹೆಸ್ರು ಒಂಥರ, ಡೆತ್ ಸರ್ಟಿಫಿಕೇಟಲ್ಲಿ ಇನ್ನೊಂಥರ, ಅದ್ಕೆ ಅಫಿಡವಿಟ್ಟು. ವಕೀಲ್ರಿಗೆ 65,000, ಜೆರಾಕ್ಸಿಗೇ 1,840 (ಡೈರೀಲಿ ಬರ್ದಿದೀನಿ), ಪೆಟ್ರೋಲ್ ಲೆಕ್ಕ ಬುಡಿ. ನಾಲ್ಕು ವರ್ಷ ಆದ್ಮೇಲೆ ರಾಜಿ, ಅರ್ಧ ಗದ್ದೆ ಹೋಯ್ತು. ರಿಜಿಸ್ಟರ್ ಮಾಡ್ಸಿ ಅಷ್ಟೇ.

ಮನೆಮಗಳು:
ಅರ್ಧ ಗದ್ದೆ ‘ಹೋಯ್ತು’ ಅಂತೆ! ಎಲ್ಲಿಗೋಯ್ತು, ಒಡಹುಟ್ಟಿದೋಳಿಗೆ ತಾನೆ? ಪಿತ್ರಾರ್ಜಿತ ಆಗಿದ್ರೆ ನಿಮ್ಮಪ್ಪ ತಮ್ಮ ಭಾಗಕ್ಕೆ ಮಾತ್ರ ವಿಲ್ ಬರೀಬೋದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಾಗ ಅಪ್ಪ ಬದುಕಿರ್ಲಿ ಇಲ್ದಿರ್ಲಿ ಹೆಣ್ಮಕ್ಳಿಗೆ ಹುಟ್ಟಿನಿಂದ್ಲೇ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮಣ್ಣಂದಿರು ಗೌರಿ ಹಬ್ಬಕ್ಕೆ ಕರ್ದು ಬಾಗಿನ ಕೊಟ್ಟು, ಒಂದು ಮೈಸೂರ್ ಸಿಲ್ಕ್ ಸೀರೆ ಕೊಟ್ಟು, ಮಾರನೇ ದಿನ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕುಸ್ಕೊಂಡ್ರು. ಆ ಸೀರೆ ಇವತ್ತಿಗೂ ಉಟ್ಟಿಲ್ಲ.

ಕಬ್ಬಿನ ಗದ್ದೆ ಮಂಡ್ಯ:
ಅಕ್ಕೋರೆ ಸ್ವಯಾರ್ಜಿತ ಅದು, ನಮ್ಮಪ್ಪ ಆಲೆಮನೇಲಿ ಬೆಲ್ಲ ಕಾಯ್ಸಿ ತಗೊಂಡಿದ್ದು. ತಂಗಿ ಮದ್ವೇಲಿ ಕೊಟ್ಟ 120 ಗ್ರಾಂ ಚಿನ್ನ ಲೆಕ್ಕಕ್ಕಿಲ್ವಾ? ಅಪ್ಪಂಗೆ ಪಾರ್ಶ್ವವಾಯು ಹೊಡೆದಾಗ ಎರಡು ವರ್ಷ ಉಚ್ಚೆ ಬಳ್ದೋಳು ನನ್ನ ಹೆಂಡ್ತಿ.

ಮನೆಮಗಳು:
ಹಂಗಾದ್ರೆ ಗದ್ದೆ ನಿಮ್ಮ ಹೆಂಡ್ತಿ ಹೆಸ್ರಿಗೆ ಮಾಡ್ಸಿದೀರಾ? ಇಲ್ವಲ್ಲ.

ನಿವೃತ್ತ ಮೇಷ್ಟ್ರು:
ದಯವಿಟ್ಟು ಜಗಳ ನಿಲ್ಲಿಸಿ. ನಾನು ಸರಸ್ವತಿಪುರಂ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಮನೆಯವರಿಗೆ ದಾನ ಕೊಟ್ಟರೆ ಸ್ಟಾಂಪು ಕಮ್ಮಿ ಅಂತ ಆಸೆಬಿದ್ದೆ. ಸಾಯುವ ತನಕ ನೋಡಿಕೊಳ್ಳಬೇಕು ಅನ್ನೋ ಷರತ್ತನ್ನು ಪತ್ರದಲ್ಲಿ ಹಾಕಿಸಲಿಲ್ಲ, ಮಗನ ಮುಂದೆ ಅದನ್ನು ಹೇಳೋಕೆ ನಾಚಿಕೆ. ಸೊಸೆ ಬಂದಮೇಲೆ ನಾನು ಮಹಡಿ ಮೇಲಿನ ಶೀಟಿನ ರೂಮಿಗೆ. 2007ರ ಹಿರಿಯ ನಾಗರಿಕರ ಕಾಯ್ದೆ 23ನೇ ಸೆಕ್ಷನ್ನಿನಲ್ಲಿ ದಾನಪತ್ರ ರದ್ದು ಮಾಡಿಸಬಹುದು ಅಂದರು, ಎಸಿ (ಅಸಿಸ್ಟೆಂಟ್ ಕಮಿಷನರ್) ಕಚೇರಿಗೆ ಹದಿನಾಲ್ಕು ಸಲ ಹೋದೆ, ಷರತ್ತೆಲ್ಲಿ ತೋರಿಸಿ ಅಂದರು. ಮುಗೀತು.

ಟ್ರಸ್ಟ್ ಸುಟ್ಕೊಂಡೋಳು:
ಮೇಷ್ಟ್ರೇ ಪಾಪ, ಆದ್ರೆ ಅವ್ರು ಕೇಳಿದ್ದು ಟ್ರಸ್ಟು. ನಮ್ಮ ಮಾವನೋರು ಟ್ರಸ್ಟ್ ಮಾಡ್ಸಿ ಬೀರುಲಿಟ್ಟು ಮರ್ತ್ರು. ಆಮೇಲೆ ತಗೊಂಡ ವಿಜಯನಗರದ ಸೈಟು ಅದ್ಕೆ ಸೇರ್ಸೇ ಇಲ್ಲ, ಎಫ್‌ಡಿಗೆ ದೊಡ್ಡ ಮಗನ್ನ ನಾಮಿನಿ ಮಾಡಿದ್ರು. ನಾಮಿನಿ ಅಂದ್ರೆ ವಾರಸುದಾರ ಅಲ್ಲ, ಅದು ನಮ್ಮ ಭಾವನೋರ ತಲೆಗೆ ಹೋಗೋ ಅಷ್ಟೊತ್ಗೆ ದುಡ್ಡು ಅವ್ರ ಕಾರಾಗಿತ್ತು. ಆರು ವರ್ಷ ಟ್ರಸ್ಟಿನ ರಿಟರ್ನ್ಸ್ ಹಾಕಿರ್ಲಿಲ್ಲ. ಮಾವನೋರೂ ಇಲ್ಲ, ಟ್ರಸ್ಟಿಗಳೂ ಇಲ್ಲ, ಹೊಸಬ್ರನ್ನ ನೇಮಿಸಿ ಅಂತ ಕೋರ್ಟಿಗೆ ಹೋದ್ವಿ, 22 ತಿಂಗಳು, 1,10,000.

ಕುವೆಂಪುನಗರದವ:
ಅಯ್ಯೋ. ಹಂಗಾದ್ರೆ ಈ ಟ್ರಸ್ಟ್ ರದ್ದು ಮಾಡಿ ವಿಲ್ ಬರ್ಸಿದ್ರೆ?

ಹಳೇ ಗುಮಾಸ್ತ:
ರದ್ದು ಅಷ್ಟು ಸುಲಭ ಇಲ್ಲ. ರದ್ದು ಮಾಡೋ ಹಕ್ಕು ಡೀಡಲ್ಲಿ ಇಟ್ಕೊಂಡಿರ್ಬೇಕು, ಇಲ್ಲಾಂದ್ರೆ ಫಲಾನುಭವಿಗಳೆಲ್ಲ ಒಪ್ಬೇಕು, ನಿಮ್ಮ ತಮ್ಮ ಒಪ್ಪಿಗೆ ಕೊಡೋ ಸ್ಥಿತೀಲಿಲ್ಲ. ಆದ್ರೆ ಹೊಸ ಟ್ರಸ್ಟಿನ ನೇಮಿಸೋರು ಯಾರು ಅಂತ ಡೀಡಲ್ಲಿ ಇಲ್ದಿದ್ರೆ, ಟ್ರಸ್ಟ್ ಮಾಡ್ದೋರು ಬುದ್ಧಿ ನೆಟ್ಟಗಿದ್ದಾಗ ಅವ್ರೇ ಬರವಣಿಗೇಲಿ ನೇಮಿಸ್ಬೋದು, 1882ರ ಟ್ರಸ್ಟ್ ಕಾಯ್ದೆ 73ನೇ ಸೆಕ್ಷನ್. ಅಪ್ಪ ಇದಾರಲ್ಲ, ಈ ತಿಂಗಳೇ ಮಾಡ್ಸಿ. ತಮ್ಮಂಗೆ ಗಾರ್ಡಿಯನ್ ಬೇಕು ಅಂದ್ರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೇಲಿ ಡಿಸಿ ಇರೋ ಸಮಿತಿಗೆ ಅರ್ಜಿ.

ಮನೆಮಗಳು:
ಟ್ರಸ್ಟಿ ಮಾಡುವಾಗ ಅಕ್ಕನ್ನೂ ಹಾಕ್ಸಿ. ಅಕ್ಕ ಅಂತ ಒಬ್ಳಿದಾಳೆ ಅಂತ ಬರ್ದು ಆಮೇಲೆ ಆ ಸುದ್ದಿನೇ ಎತ್ತಿಲ್ಲ ನೀವು.

ನಿವೃತ್ತ ಮೇಷ್ಟ್ರು:
ಅದಿರಲಿ, ಜೆರಾಕ್ಸಿಗೆ 1,840 ಹೇಗಾಯಿತು? ನನಗೆ ಹದಿನಾಲ್ಕು ಸಲಕ್ಕೂ ಸೇರಿ 300 ದಾಟಿಲ್ಲ.

ಕಬ್ಬಿನ ಗದ್ದೆ ಮಂಡ್ಯ:
ಮೇಷ್ಟ್ರೇ ನಾನು ಸುಳ್ಳು ಹೇಳ್ತಿದೀನಾ? 1954ರಿಂದ ಪಹಣಿ ತೆಗ್ಸಿದೀನಿ, ಮೂರು ಸೆಟ್ಟು, ಲ್ಯಾಮಿನೇಷನ್ನೂ ಸೇರಿ. ಬನ್ನಿ ಮಂಡ್ಯಕ್ಕೆ, ಡೈರಿ ತೋರುಸ್ತೀನಿ.