ಒಬ್ಬ ದೇವರು, ಮೂರು ಪ್ರತ್ಯಯ: ‘ಪವಿತ್ರಾತ್ಮನ’, ‘ದೀಕ್ಷಾಸ್ನಾನ’ ಬಗ್ಗೆ ಕೆಲವು ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

ಬೆಳಗಾವಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಜವಳದ ಕಾರ್ಡು, ಬಿಲ್ ಬುಕ್ಕು, ಇಂಥ ಕೆಲಸವೇ ಜಾಸ್ತಿ. ಟೈಪ್ ಮಾಡುವವನೂ ನಾನೇ, ತಿದ್ದುವವನೂ ನಾನೇ. ಹೋದ ವಾರ ಒಂದು ಮಗುವಿನ ಬಾಪ್ತಿಸ್ಮದ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ಸಂಸ್ಕಾರದ, ಕಾರ್ಡು ಬಂತು. ತಂದೆಯ ಮನೆಯವರು ಮೆಥೋಡಿಸ್ಟರು (ಪ್ರೊಟೆಸ್ಟಂಟರಲ್ಲಿ ಒಂದು ಪಂಗಡ), ತಾಯಿಯ ತವರಿನವರು ಕ್ಯಾಥೊಲಿಕರು. ಚೀಟಿಯ ಮೊದಲ ಸಾಲು ಹೀಗಿತ್ತು: ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’.

ಮೂವರಿದ್ದಾರೆ, ಹೆಸರು ಒಂದೇ ಹೇಗೆ? ಬರೆದವರು ತಪ್ಪಿರಬೇಕು ಅಂದುಕೊಂಡು ‘ಹೆಸರುಗಳಲ್ಲಿ’ ಅಂತ ತಿದ್ದಿದೆ. ಪ್ರೂಫ್ ತೋರಿಸದೆ ಇನ್ನೂರು ಕಾರ್ಡು ಹೊಡೆದೂಬಿಟ್ಟೆ. ಸಂಜೆ ಮಗುವಿನ ಅಜ್ಜ ಬಂದರು. ಚಷ್ಮಾ ಹಣೆಗೇರಿಸಿ, ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಓದಿದರು.

‘ಏನ್ರೀ ಸರ, ಒಬ್ಬ ದೇವರನ್ನ ಮೂರು ಮಾಡಿಬಿಟ್ರಲ್ರೀ!’

ಇನ್ನೂರೂ ರದ್ದಿಗೆ ಹೋದವು. ತಪ್ಪು ನನ್ನದೇ, ದುಡ್ಡು ಕೇಳಲಿಲ್ಲ. ಅಜ್ಜ ಮಾತ್ರ ಚಹಾ ಕುಡಿಯುತ್ತಾ ಸಮಾಧಾನವಾಗಿ ವಿವರಿಸಿದರು. ತಂದೆ ಬೇರೆ, ಮಗ ಬೇರೆ, ಪವಿತ್ರಾತ್ಮ ಬೇರೆ. ಆದರೆ ದೇವರು ಒಬ್ಬನೇ. ಅದಕ್ಕೇ ಹೆಸರೂ ಒಂದೇ. ಈ ಮಾತು ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿದೆ. ಗ್ರೀಕ್ ಮೂಲದಲ್ಲೂ ಆ ಪದ ಏಕವಚನದಲ್ಲೇ ಇದೆಯಂತೆ, ಆಮೇಲೆ ಹುಡುಕಿ ನೋಡಿದೆ, ಹೌದು.

ನಿಜ ಹೇಳಬೇಕೆಂದರೆ ನನ್ನ ಕಿವಿ ನಂಬಿದ್ದರೆ ಸಾಕಿತ್ತು. ‘ಮೂರೂ ಮಕ್ಕಳ ಹೆಸರಿನಲ್ಲಿ ಹೊಲ ಮಾಡಿಸಿದ’ ಅಂತೀವಿ. ‘ಹೆಸರುಗಳಲ್ಲಿ’ ಅಂತ ಯಾರೂ ಅನ್ನಲ್ಲ. ಆದರೆ ಇಲ್ಲೇ ಒಂದು ತೊಡಕಿದೆ. ನಮ್ಮಲ್ಲಿ ಹೇಗಿದ್ದರೂ ಏಕವಚನವೇ ಬರುವುದರಿಂದ, ‘ಹೆಸರಿನಲ್ಲಿ’ ಅಂದಾಗ ಅಜ್ಜ ಹೇಳಿದ ಆ ‘ಒಂದೇ’ ಅನ್ನುವ ಒತ್ತು ಕನ್ನಡದ ಕಿವಿಗೆ ಬೀಳುವುದೇ ಇಲ್ಲ, ಅಲ್ವಾ?

ಈಗ ‘ಪವಿತ್ರಾತ್ಮ’ದ ಕತೆ. ನೋಡಿ, ಇಲ್ಲೂ ‘ಪವಿತ್ರಾತ್ಮದ’ ಅಂತ ಬರೆದೆನಲ್ಲ, ಪದವನ್ನು ಪದವಾಗಿ ಹೇಳುವಾಗ ಅದು ಸರಿ. ದೇವರ ವಿಷಯ ಹೇಳುವಾಗ? ಹಳೆಯ ಬೈಬಲ್ ಒಂದರಲ್ಲಿ ‘ಪವಿತ್ರಾತ್ಮದ’ ಅಂತ ನೋಡಿದ್ದೇನೆ. ಅಜ್ಜನ ಚೀಟಿಯಲ್ಲಿ ‘ಪವಿತ್ರಾತ್ಮನ’. ತಾಯಿಯ ತವರಿನವರು ಪ್ರಾರ್ಥನೆ ಶುರು ಮಾಡುವುದು ‘ಪಿತ ಸುತ ಪವಿತ್ರಾತ್ಮರ ನಾಮದಲ್ಲಿ’ ಅಂತ. ದ, ನ, ರ, ಮೂರೂ ಬಳಕೆಯಲ್ಲಿವೆ.

ಕನ್ನಡದಲ್ಲಿ ಆತ್ಮ ನಪುಂಸಕ. ‘ಅವನ ಆತ್ಮ ಶಾಂತಿಯಿಂದಿರಲಿ’, ‘ಆತ್ಮಕ್ಕೆ’, ‘ಆತ್ಮದ’. ಪ್ರೇತಾತ್ಮವೂ ಹಾಗೇ. ಆದರೆ ಪರಮಾತ್ಮ ಅಂದ ಕೂಡಲೇ ‘ಪರಮಾತ್ಮನ’, ಮಹಾತ್ಮ ಅಂದರೆ ‘ಮಹಾತ್ಮನ’. ಅಂದರೆ ಪದದ ಬಾಲ ನೋಡಿ ಲಿಂಗ ತೀರ್ಮಾನ ಆಗುತ್ತಿಲ್ಲ, ಯಾರ ಬಗ್ಗೆ ಮಾತು ಅನ್ನುವುದರ ಮೇಲೆ ಆಗುತ್ತಿದೆ. ಗ್ರೀಕಿನವರಿಗೆ ಈ ತಾಪತ್ರಯ ಅಷ್ಟಿರಲಿಲ್ಲ. ಅವರ ‘ನ್ಯೂಮ’ ವ್ಯಾಕರಣದ ಲೆಕ್ಕದಲ್ಲಿ ನಪುಂಸಕ, ಹೀಬ್ರೂವಿನ ‘ರೂಆಹ್’ ಹೆಚ್ಚಾಗಿ ಸ್ತ್ರೀಲಿಂಗ. ಎರಡಕ್ಕೂ ಉಸಿರು, ಗಾಳಿ ಅನ್ನುವ ಅರ್ಥಗಳೂ ಇವೆ. ಅಲ್ಲಿ ಲಿಂಗ ಅನ್ನುವುದು ಪದಕ್ಕೆ ಅಂಟಿದ್ದು. ನಮ್ಮಲ್ಲಿ ಅದು ಅರ್ಥಕ್ಕೆ ಅಂಟಿದ್ದು. ಹಾಗಾಗಿ ಕನ್ನಡಕ್ಕೆ ತಂದವರು ‘ದ’ ಹಾಕಿದರೂ ‘ನ’ ಹಾಕಿದರೂ ಒಂದು ನಂಬಿಕೆಯನ್ನು ಹೇಳಿಬಿಟ್ಟಂತೆ. ‘ದ’ ಅಂದರೆ ಅದೊಂದು ಶಕ್ತಿ, ‘ನ’ ಅಂದರೆ ವ್ಯಕ್ತಿ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಧರ್ಮಸಭೆಯ ವಿಶ್ವಾಸಪ್ರಮಾಣ ಪವಿತ್ರಾತ್ಮನಿಗೂ ತಂದೆ, ಮಗನ ಜೊತೆಗೇ ಆರಾಧನೆ ಸಲ್ಲುತ್ತದೆ ಅನ್ನುತ್ತದೆ. ಆ ನಂಬಿಕೆಯವರ ಕಾರ್ಡಿಗೆ ‘ನ’ವೇ ಸರಿ ಅಂತ ನನ್ನ ಅನಿಸಿಕೆ.

‘ರ’ ಮಾತ್ರ ಬಗೆಹರಿದಿಲ್ಲ. ‘ಪಿತ ಸುತ ಪವಿತ್ರಾತ್ಮರ’ ಅನ್ನುವಾಗಿನ ‘ರ’ ‘ರಾಮಲಕ್ಷ್ಮಣರ’ದಲ್ಲಿ ಬರುವ ಬಹುವಚನವೋ, ಅಥವಾ ‘ಗುರುಗಳು ಬಂದರು’ ಅನ್ನುವಂಥ ಮರ್ಯಾದೆಯೋ? ಬಹುವಚನ ಅಂದರೆ ಅಜ್ಜ ಮತ್ತೆ ಚಷ್ಮಾ ಏರಿಸುತ್ತಾರೆ.

ಇನ್ನು ಕಾರ್ಯಕ್ರಮದ ಹೆಸರು. ಅಜ್ಜ ಬಾಯಲ್ಲಿ ಅನ್ನುವುದು ‘ಬಾಪ್ತಿಸ್ಮಾ’, ಇಲ್ಲಿನ ಮರಾಠಿ ಕ್ರೈಸ್ತರ ಹಾಗೇ. ಕಾರ್ಡಿಗೆ ಬೇಕಾದದ್ದು ‘ದೀಕ್ಷಾಸ್ನಾನ’. ತಾಯಿಯ ಕಡೆಯವರು ‘ಸ್ನಾನದೀಕ್ಷೆ’ ಅನ್ನುತ್ತಾರೆ. ಎರಡೂ ಒಂದೇ ಅಂತ ಮೊದಲು ಅಂದುಕೊಂಡಿದ್ದೆ. ಆದರೆ ಮನೆದೇವರು ಬೇರೆ, ದೇವರಮನೆ ಬೇರೆ ಅಲ್ವಾ? ಇಂಥ ಸಮಾಸದ ಭಾರ ಮೊದಲ ಪದದ ಮೇಲೆ ಬೀಳುವುದಿಲ್ಲ, ಕೊನೆಯ ಪದದ ಮೇಲೆ ಬೀಳುತ್ತದೆ. ದೀಕ್ಷಾಸ್ನಾನ ಒಂದು ಬಗೆಯ ಸ್ನಾನ, ಸ್ನಾನದೀಕ್ಷೆ ಒಂದು ಬಗೆಯ ದೀಕ್ಷೆ. ಗ್ರೀಕಿನ ಮೂಲ ಕ್ರಿಯಾಪದಕ್ಕೆ ಅದ್ದು, ಮುಳುಗಿಸು ಅಂತ ಅರ್ಥ. ಆ ಲೆಕ್ಕಕ್ಕೆ ಮೊದಲನೆಯದು ಹತ್ತಿರ. ಆದರೆ ಈ ಮಗುವಿಗೆ ಹಣೆಯ ಮೇಲೆ ಮೂರು ಸಲ ನೀರು ಹಾಕುತ್ತಾರೆ, ಅಷ್ಟೇ. ದೊಡ್ಡವರಾಗಿ ನಂಬಿದ ಮೇಲೇ, ನೀರಲ್ಲಿ ಪೂರ್ತಿ ಮುಳುಗಿಯೇ ಆಗಬೇಕು ಅನ್ನುವ ಪೆಂಟೆಕೋಸ್ಟಲ್ ಸಭೆಯವರು ‘ನೀರಿನ ದೀಕ್ಷಾಸ್ನಾನ’ ಅಂತಾರೆ. ಸ್ನಾನ ನೀರಿನದಲ್ಲದೆ ಮತ್ತೇನು ಅಂತ ನಕ್ಕಿದ್ದೆ. ಪವಿತ್ರಾತ್ಮನ ದೀಕ್ಷಾಸ್ನಾನ ಅಂತ ಬೇರೆ ಇದೆ, ಅದರಿಂದ ಬೇರ್ಪಡಿಸಲು ಹಾಗೆ ಅನ್ನುತ್ತಾರಂತೆ.

ನನಗೆ ‘ಸ್ನಾನದೀಕ್ಷೆ’ ಹಿಡಿಸಿತು. ನಮ್ಮದು ಮೂಲ ಬಾಗಲಕೋಟೆ ಕಡೆ, ಕೂಡಲಸಂಗಮದ ಸೀಮೆ. ಲಿಂಗದೀಕ್ಷೆ ಕೇಳಿ ಬೆಳೆದ ಕಿವಿಗೆ ಕೊನೆಗೆ ‘ದೀಕ್ಷೆ’ ಬಂದರೆ ಪದ ತೂಕವಾಗಿ ನಿಲ್ಲುತ್ತದೆ. ‘ಸ್ನಾನ’ ಅಂದರೆ ಈ ಕಡೆ ಹೇಗೂ ಪುಸ್ತಕದ ಮಾತು, ಮನೆಯಲ್ಲಿ ಎಲ್ಲರೂ ಜಳಕವೇ ಮಾಡುವುದು.

ಕ್ರಿಯಾಪದವೂ ಕಾಡಿತು. ‘ದೀಕ್ಷಾಸ್ನಾನ ಮಾಡಿದ’ ಅಂದರೆ ತಾನೇ ಮಿಂದು ಬಂದ ಹಾಗಾಗುತ್ತದೆ. ಇದನ್ನು ತನಗೆ ತಾನೇ ಮಾಡಿಕೊಳ್ಳುವ ಹಾಗಿಲ್ಲ. ಯೇಸುವಿಗೂ ಯೊರ್ದನ್ ಹೊಳೆಯಲ್ಲಿ ಯೋಹಾನನೇ ಮಾಡಿಸಿದ್ದು. ಹಾಗಾಗಿ ‘ಮಾಡಿಸಿಕೊಂಡ’ ಸರಿ. ಆದರೆ ಕಾರ್ಡಿನಲ್ಲಿ ‘ನಮ್ಮ ಮಗುವಿಗೆ ದೀಕ್ಷಾಸ್ನಾನ ಮಾಡಿಸುತ್ತೇವೆ’ ಅಂತ ತಂದೆತಾಯಿ ಬರೆದರೆ, ಮಾಡಿಸುವವರು ಅವರೋ ಪಾಸ್ಟರೋ? ‘ತಗೊಳ್ಳು’ ಅಂದರೆ ಎಲ್ಲ ಸಲೀಸು, ಕಾರ್ಡಿನ ಭಾಷೆ ಅಲ್ಲ ಅಂತ ಅಜ್ಜ ಒಪ್ಪಲಿಲ್ಲ.

ಕಡೆಯ ಸಾಲಿನಲ್ಲಿ ‘ರಕ್ಷಣೆ’ ಇದೆ. ತವರಿನವರು ‘ಉದ್ಧಾರ’ ಇರಲಿ ಅಂದರು. ನಾನೇ ಬೇಡ ಅಂದೆ. ‘ನೀ ಉದ್ಧಾರ ಆದಿ ಬಿಡು’ ಅಂತ ಬೈಸಿಕೊಂಡೇ ಬೆಳೆದವರು ನಾವು. ‘ಮೋಕ್ಷ’ ಹಾಕೋಣ್ರೀ ಅಂದರೆ ಅಜ್ಜ ಬೇಡ ಅಂತ ತಲೆ ಆಡಿಸಿದರು. ಅದು ಹುಟ್ಟು ಸಾವಿನ ಚಕ್ರದಿಂದ ಬಿಡುಗಡೆ, ಅವರ ನಂಬಿಕೆಯಲ್ಲಿ ಮರುಜನ್ಮವೇ ಇಲ್ಲ. ಇಲ್ಲಿ ಬೇಕಾದ್ದು ಪಾಪದಿಂದ ಎತ್ತಿ ದಡಕ್ಕೆ ತರುವುದು. 2019ರ ನೆರೆಯಲ್ಲಿ ಬೋಟು ತಂದು ಜನರನ್ನು ಎತ್ತಿದ್ದಕ್ಕೂ ನಾವು ರಕ್ಷಣೆ ಅಂದೆವು. ಅಜ್ಜ ಅದೇ ಸರಿ ಅಂದರು.

ಗುರುವಾರ ಮತ್ತೆ ಪ್ರಿಂಟಿಗೆ ಹಾಕಬೇಕು. ‘ಪವಿತ್ರಾತ್ಮರ’ದ ‘ರ’ ಏನು ಅನ್ನುವುದು, ‘ಮಾಡಿಸು’ವಿಗೆ ಬದಲಿ ಏನು ಅನ್ನುವುದು, ಈ ಎರಡಕ್ಕೆ ಯಾರಾದರೂ ಉತ್ತರ ಕೊಡಿ. ಗುಳೇದಗುಡ್ಡ, ವಿಜಯಪುರ ಕಡೆಯ ಹಳೇ ಬಾಸೆಲ್ ಮಿಷನ್ (ಸ್ವಿಟ್ಜರ್‌ಲೆಂಡಿನಿಂದ ಬಂದ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆ) ಮನೆತನದವರು ಬಳಗದಲ್ಲಿದ್ದರೆ, ನಿಮ್ಮ ಮನೆಯ ಹಳೆಯ ಕಾರ್ಡುಗಳಲ್ಲಿ ಏನಿದೆ ಅಂತ ದಯವಿಟ್ಟು ನೋಡಿ ಹೇಳಿ. ಈ ಸಲ ಪ್ರೂಫನ್ನು ಅಜ್ಜನಿಗೆ ತೋರಿಸಿಯೇ ಹೊಡೆಯುತ್ತೇನೆ.