ಪದಚರ್ಚೆ: ಹುಂಜದ ಕುತ್ತಿಗೆಯ ಗರಿಗೆ ಬೇರೆಯೇ ಹೆಸರಿದೆಯೇ?

ಬಲ್ಲವರಿಗೆ ನಮಸ್ಕಾರ.

ಗಾಳಕ್ಕೆ ಎರೆಹುಳು ಸಿಕ್ಕಿಸುವ ಬದಲು ಹಕ್ಕಿಯ ಗರಿ, ನೂಲು ಸುತ್ತಿ ಹುಳದ ರೂಪ ಕೊಟ್ಟು ಮೀನು ಹಿಡಿಯುವ ಕ್ರಮವೊಂದಿದೆ. ಹಾಗೆ ಕಟ್ಟಿದ ಹುಸಿ ಹುಳಕ್ಕೆ ಇಂಗ್ಲಿಷಿನಲ್ಲಿ ‘ಫ್ಲೈ’ ಎನ್ನುತ್ತಾರೆ. ಉಡುಪಿಯಲ್ಲಿರುವ ನನ್ನ ತಂಗಿಯ ಮಗ ಇದನ್ನು ಕಟ್ಟುವುದರಲ್ಲಿ ಪಳಗಿದವನು, ಕೆಮ್ಮಣ್ಣು ಕಡೆ ಸುವರ್ಣಾ ಹೊಳೆಯಲ್ಲಿ ಗಾಳ ಹಾಕುತ್ತಾನೆ. ಹೊಸದಾಗಿ ಕಲಿಯುವ ಹುಡುಗರಿಗೆಂದು, ಯಾವ ಗರಿ ಎಲ್ಲಿ ಸಿಗುತ್ತದೆ, ಯಾವುದಕ್ಕೆ ಕೈ ಹಾಕಬಾರದು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಲು ಕೂತಿದ್ದೇನೆ. ಪದಗಳಿಗೆ ತಡವರಿಸುತ್ತಿದ್ದೇನೆ.

ಮೊದಲನೆಯದು ‘ಹ್ಯಾಕಲ್’. ಹುಂಜದ ಕುತ್ತಿಗೆಯ ಸುತ್ತ ಇಳಿಬಿದ್ದಿರುವ, ತುದಿ ಚೂಪಾದ, ಹೊಳಪಿನ ಸಪೂರ ಗರಿ. ಅದನ್ನು ಗಾಳದ ಕೊಕ್ಕೆಯ ನೇರ ಕಡ್ಡಿಗೆ ಸುತ್ತಿದಾಗ ಎಳೆಗಳು ಸುತ್ತಲೂ ಸೆಟೆದು ನಿಲ್ಲುತ್ತವೆ, ಆ ಎಳೆಗಳ ತುದಿಯ ಮೇಲೆ ಫ್ಲೈ ನೀರಿನಲ್ಲಿ ತೇಲುತ್ತದೆ. ಎಳೆಯ ಉದ್ದ ಗಾಳದ ಬಾಯಿಯ ಅಗಲದ ಸುಮಾರು ಒಂದೂವರೆ ಪಟ್ಟು ಇರಬೇಕು. ಹೇಂಟೆಯ ಗರಿ ಮೆದು, ನೀರು ಕುಡಿದು ಮುಳುಗುತ್ತದೆ, ಹಾಗಾಗಿ ಅದು ನೀರಿನೊಳಗೆ ಆಡಿಸುವಂಥದ್ದಕ್ಕೆ ಆಗುತ್ತದೆ. ಕೋಳಿ ಅಂಗಡಿಯಲ್ಲಿ ಕೇಳಿ ಪ್ರಯೋಜನವಿಲ್ಲ. ಬ್ರಾಯ್ಲರ್ ಕೋಳಿ ಕೆಲವೇ ವಾರಗಳಲ್ಲಿ ಕತ್ತಿಗೆ ಹೋಗುತ್ತದೆ, ಅಷ್ಟರಲ್ಲಿ ಕುತ್ತಿಗೆಗೆ ಈ ಗರಿ ಬಂದಿರುವುದೇ ಇಲ್ಲ. ಚೆನ್ನಾಗಿ ಬಲಿತ ಊರಕೋಳಿಯ ಹುಂಜವೇ ಬೇಕು.

ನಮ್ಮಲ್ಲಿ ಪುಕ್ಕ, ಗರಿ, ತುಪ್ಪುಳ ಮೂರೂ ಬಳಕೆಯಲ್ಲಿವೆ. ಕೋಳಿ ಕೊಯ್ದ ಮೇಲೆ ಕೀಳುವುದೆಲ್ಲ ಪುಕ್ಕ, ಮೆತ್ತಗಿನದು ತುಪ್ಪುಳ, ಎತ್ತಿ ತೋರಿಸುವಂಥದ್ದು ಗರಿ. ಕುತ್ತಿಗೆಯದ್ದಕ್ಕೆ ಮಾತ್ರ ಸಲ್ಲುವ ಪದ ನನಗೆ ಸಿಕ್ಕಿಲ್ಲ. ‘ಕಂಠಪಿಂಛ’ ಎಂದು ಬರೆಯಿರಿ ಎಂದು ಸ್ನೇಹಿತರೊಬ್ಬರು ಹೇಳಿದರು. ಪಿಂಛ ಎಂದ ಕೂಡಲೇ ನವಿಲು ನೆನಪಾಗುತ್ತದೆ, ಹುಂಜಕ್ಕೆ ಅದು ಒಗ್ಗುವುದಿಲ್ಲ. ಕೋಳಿ ಸಾಕುವವರ ಬಾಯಲ್ಲಿ ಇರುವ ಪದವೇ ಬೇಕು.

ಬಣ್ಣದ ಮಾತಿಗೆ ಬಂದರೆ ಈ ಆಸೆ ಇನ್ನೂ ಗಟ್ಟಿಯಾಗುತ್ತದೆ. ಫ್ಲೈ ಕಟ್ಟುವವರು ಬಿಳಿ ಅಂಚು, ಕಪ್ಪು ನಡುವಿನ ಗರಿಗೆ ‘ಬ್ಯಾಜರ್’ ಎನ್ನುತ್ತಾರೆ. ಕೆಂಪು ಅಂಚು, ಕಪ್ಪು ನಡುವಿನದ್ದು ‘ಫರ್ನೇಸ್’. ಪ್ಲಿಮತ್ ರಾಕ್ ತಳಿಯ ಹುಂಜದ ಕಪ್ಪು ಬಿಳಿ ಅಡ್ಡಪಟ್ಟೆಯ ಗರಿ ‘ಗ್ರಿಜ್ಲಿ’. ಕೋಳಿಯ ಬಣ್ಣವನ್ನು ಇಷ್ಟೇ ಸೂಕ್ಷ್ಮವಾಗಿ ನೋಡುವವರು ತುಳುನಾಡಿನಲ್ಲೂ ಇದ್ದಾರೆ, ಕೋಳಿ ಅಂಕದವರು, ಎಂದರೆ ಕೋಳಿ ಕಾಳಗದವರು. ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಎಂದು ಹೇಳುವ ಕುಕ್ಕುಟ ಪಂಚಾಂಗ ನಿಂತಿರುವುದೇ ಈ ಬಣ್ಣಗಳ ಮೇಲೆ. ಬೊಳ್ಳೆ ಬಿಳಿಯದು, ಕಕ್ಕೆ ಕಾಗೆಯ ಬಣ್ಣದ್ದು, ಉರಿಯೆ ಬೆಂಕಿಯ ಬಣ್ಣದ್ದು. ಫರ್ನೇಸ್ ಎಂದರೂ ಕುಲುಮೆಯೇ ತಾನೇ! ಎರಡು ಕಡೆಯವರಿಗೂ ಹುಂಜದ ಕುತ್ತಿಗೆಯಲ್ಲಿ ಬೆಂಕಿ ಕಂಡಿರುವುದು ನನಗೆ ಬಹಳ ಹಿಡಿಸಿತು. ಆದರೆ ಗರಿಯ ನಡುವೆ ಕಪ್ಪು ಇದ್ದರೆ ಮಾತ್ರ ಉರಿಯೆಯೋ, ಬರೀ ಕೆಂಪಾದರೂ ಆದೀತೋ? ಅಡ್ಡಪಟ್ಟೆಯ ಹುಂಜಕ್ಕೆ ಏನೆನ್ನುತ್ತಾರೆ? ಅಂಕದ ಹಿರಿಯರ ಒಡನಾಟ ಇದ್ದವರು ಕೇಳಿ ತಿಳಿಸಬೇಕು.

ಇನ್ನು ಕಾಡುಕೋಳಿ, ತುಳುವಿನ ಕಾಟುಕೋರಿ. ಬೂದು ಕಾಡುಕೋಳಿ ದಕ್ಷಿಣ ಭಾರತದ, ನಮ್ಮ ಘಟ್ಟದ ಹಕ್ಕಿ. ಹುಂಜದ ಕುತ್ತಿಗೆಯ ಒಂದೊಂದು ಗರಿಯ ಮೇಲೂ ಅರಗು ತೊಟ್ಟಿಕ್ಕಿಸಿದ ಹಾಗೆ ಹಳದಿ, ಬಿಳಿ ಚುಕ್ಕೆಗಳು. ಮುಟ್ಟಿದರೆ ಗರಿಯೆನ್ನಿಸದಷ್ಟು ನಯ, ಗಡಸು. ಸಾಲ್ಮನ್ ಮೀನಿನ ಹಳೆಯ ಇಂಗ್ಲಿಷ್ ಫ್ಲೈಗಳಲ್ಲಿ ಕಣ್ಣಿನ ಜಾಗಕ್ಕೆ ಇದನ್ನೇ ಕಟ್ಟುತ್ತಿದ್ದರು. ಅದಕ್ಕಾಗಿ ಇಲ್ಲಿಂದ ಕುತ್ತಿಗೆಯ ಚರ್ಮಗಳು ಹಡಗು ಹತ್ತಿ ಹೋಗುತ್ತಿದ್ದವು. ಇಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಬೇಟೆಯಾಡುವುದೂ ಗರಿ ಮಾರುವುದೂ ಅಪರಾಧ. ಹೊರದೇಶಗಳಲ್ಲಿ ಸಾಕಿದ ಹಕ್ಕಿಯ ಗರಿ ಬಳಸುತ್ತಾರೆ, ಇಲ್ಲವೇ ಬೇರೆ ಗರಿಗೆ ಬಣ್ಣ ಹಚ್ಚುತ್ತಾರೆ. ಹುಡುಗರಿಗೆ ಇದನ್ನು ಖಡಾಖಂಡಿತವಾಗಿ ಹೇಳಲೇಬೇಕು. ಅಪರೂಪದ ಗರಿಯ ಮೋಹ ಸಣ್ಣದಲ್ಲ. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಮ್ಮಿನಿಂದ 299 ಹಕ್ಕಿಗಳ ಚರ್ಮ ಕಳುವಾದದ್ದು ಫ್ಲೈ ಕಟ್ಟುವ ಗರಿಗಾಗಿಯೇ. ಕಾಡುಕೋಳಿಯ ಗರಿಯ ಚುಕ್ಕೆಗೆ ‘ಅರಗುಬೊಟ್ಟು’ ಎಂದು ಬರೆದಿದ್ದೇನೆ. ಘಟ್ಟದ ಬುಡದಲ್ಲಿರುವವರು ಬೇರೇನಾದರೂ ಹೇಳುತ್ತಾರೆಯೇ?

ನವಿಲಿನದ್ದು ಸುಲಭ. ತಾನಾಗಿ ಉದುರಿದ ಗರಿಯನ್ನು ದೇಶದೊಳಗೆ ಮಾರಬಹುದು, ಹೊರಗೆ ಕಳಿಸುವಂತಿಲ್ಲ. ಹಳಗನ್ನಡದ ‘ಸೋಗೆ’ ಚೆಂದದ ಪದವೇ, ಆದರೆ ಕರಾವಳಿಯಲ್ಲಿ ಸೋಗೆ ಎಂದರೆ ಅಡಿಕೆಯದ್ದೋ ತೆಂಗಿನದ್ದೋ ಆಗಿಬಿಡುತ್ತದೆ. ಹಾಗಾಗಿ ನವಿಲುಗರಿಯ ಎಳೆ ಎಂದೇ ಇಟ್ಟುಕೊಂಡೆ.

ಕೊನೆಯದಾಗಿ ‘ಫ್ಲೈ’. ನೊಣ ಎಂದರೆ ಅರ್ಥ ಕಿರಿದಾಗುತ್ತದೆ. ಅಳಿವೆಯಲ್ಲಿ ಹಾಕುವುದು ಹೆಚ್ಚಾಗಿ ಎಟ್ಟಿಯ (ಸಿಗಡಿಯ) ರೂಪದ್ದು, ಸಣ್ಣ ಮೀನಿನ ರೂಪದ್ದು. ‘ಗರಿಗಾಳ’ ಎನ್ನೋಣವೇ? ಒಪ್ಪಿಗೆಯಾದರೂ ಆಗದಿದ್ದರೂ ಬರೆಯಿರಿ. ಬೇರೆ ಪದ ಗೊತ್ತಿದ್ದರೆ ಯಾವ ಊರಿನ ಬಳಕೆ ಎಂಬುದನ್ನೂ ದಯವಿಟ್ಟು ಸೇರಿಸಿ.